ಮನೆಯ ವರ್ಕ್‌ಶಾಪಿಗೆ ಗಟ್ಟಿಯಾದ, ಸದ್ದು ಮಾಡದ ರ‍್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ 30×40 ಅಡಿಯ ಸೈಟಿನಲ್ಲಿ ನಮ್ಮ ಮನೆ. ಹಿಂದುಗಡೆ ಎಂಟಡಿಗೆ ಹತ್ತಡಿಯ ಒಂದು ಕೋಣೆ. ಅದರಲ್ಲಿ ಬೆಂಚ್ ಗ್ರೈಂಡರ್ (ತಿರುಗುವ ಕಲ್ಲಿನಿಂದ ಕಬ್ಬಿಣ ಉಜ್ಜುವ ಯಂತ್ರ), ಡ್ರಿಲ್ ಪ್ರೆಸ್, 24 ಲೀಟರಿನ ಗಾಳಿ ಕಂಪ್ರೆಸರ್, ಒಂದಿಷ್ಟು ಕೈಯಂತ್ರಗಳು. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ಇಷ್ಟು ವರ್ಷಗಳಲ್ಲಿ ಯಂತ್ರಗಳಿಗೆಂದು ಮೂರು ರ‍್ಯಾಕ್ ಕಟ್ಟಿ ಎರಡನ್ನು ಕಳಚಿದ್ದೇನೆ. ನನ್ನ ಹಾಗೆಯೇ ಮನೆಯಲ್ಲಿ ಕೆಲಸದ ಕೋಣೆ ಮಾಡಿಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಗಟ್ಟಿಯಾದ ರ‍್ಯಾಕ್ ಮಾಡಿಸಿದರೆ ಸದ್ದು ತಾನಾಗಿಯೇ ಕಡಿಮೆಯಾಗುವುದಿಲ್ಲವೇ?

ಇಲ್ಲ. ನನ್ನ ಮೊದಲ ರ‍್ಯಾಕ್ ಇದೇ ನಂಬಿಕೆಯ ಮೇಲೆ ನಿಂತಿತ್ತು. ಪೂರ್ತಿ ಕಬ್ಬಿಣ, ಆನೆ ಹತ್ತಿದರೂ ಅಲುಗದು ಎಂದು ವೆಲ್ಡಿಂಗ್ ಮಾಡಿದವರು ಹೇಳಿದ್ದರು. ಭಾರದ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಗ್ರೈಂಡರ್ ಚಾಲೂ ಮಾಡಿದ ಮೊದಲ ದಿನವೇ ರ‍್ಯಾಕಿನ ತಗಡು ಜಾಗಟೆಯಂತೆ ಮೊಳಗಿತು. ಪಕ್ಕದ ಮನೆಯ ಅಜ್ಜಿ ಬಂದು, ‘ನಮ್ಮ ದೇವರ ಮನೆಯ ಗಂಟೆ ತಾನಾಗಿ ಅಲ್ಲಾಡುತ್ತಿದೆಯಲ್ಲಪ್ಪ’ ಎಂದರು.

ಭಾರ ತಡೆಯಲು ಬೇಕಾದದ್ದು ಬಾಗದ ಬಿಗಿತ. ಸದ್ದು ಅಡಗಿಸಲು ಬೇಕಾದದ್ದು ತೂಕ ಮತ್ತು ಕಂಪನವನ್ನು ನುಂಗುವ ಮೆದುತನ. ಒಂದೇ ವಸ್ತುವಿನಲ್ಲಿ ಈ ಮೂರೂ ಸಿಗುವುದಿಲ್ಲ. ಹಾಗಾಗಿ ‘ಯಾವ ವಸ್ತು ಒಳ್ಳೆಯದು’ ಎಂದು ಕೇಳುವುದರ ಬದಲು ‘ಯಾವುದರ ಮೇಲೆ ಯಾವುದು’ ಎಂದು ಕೇಳಬೇಕು. ನನ್ನ ಈಗಿನ ರ‍್ಯಾಕಿನ ಲೆಕ್ಕ ಹೀಗಿದೆ: ಕೆಳಗೆ ಬಿಗಿಯಾದ ಚೌಕಟ್ಟು ಮತ್ತು ಹಲಗೆ, ಅದರ ಮೇಲೆ ರಬ್ಬರ್, ರಬ್ಬರಿನ ಮೇಲೆ ಭಾರವಾದ ಕಲ್ಲು, ಕಲ್ಲಿಗೆ ಬೋಲ್ಟ್ ಹಾಕಿದ ಯಂತ್ರ.

ಅಂಗಡಿಯಲ್ಲಿ ನಿಂತು, ಯಾವ ವಸ್ತು ಸದ್ದು ಮಾಡುತ್ತದೆ ಎಂದು ತಿಳಿಯುವುದು ಹೇಗೆ?

ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟಿ, ಠಣ್ ಎನ್ನುವುದನ್ನು ಆರಿಸುತ್ತಾರೆ. ನಮ್ಮದು ಅದರ ತದ್ವಿರುದ್ಧ: ದಬ್ ಎಂದು ಅಲ್ಲೇ ಸಾಯುವ ಸದ್ದು ಬೇಕು. ತೆಳು ತಗಡು ಬಹಳ ಹೊತ್ತು ಮೊಳಗುತ್ತದೆ. ಟೊಳ್ಳು ಪೈಪ್ ಅದಕ್ಕಿಂತ ಸ್ವಲ್ಪ ಮೇಲು. ಮರ ಬೇಗ ಸುಮ್ಮನಾಗುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಾಳೆ) ಮತ್ತು ರಬ್ಬರಿಗೆ ಬಾಯೇ ಇಲ್ಲ. ಹಾಳೆಯನ್ನು ಎರಡು ಬೆರಳಿನಿಂದ ತೂಗಿ ಹಿಡಿದು ತಟ್ಟಬೇಕು. ನೆಲಕ್ಕೆ ಒರಗಿಸಿಟ್ಟದ್ದನ್ನು ತಟ್ಟಿದರೆ ಯಾವುದೂ ಸಾಧುವಾಗಿಯೇ ಕೇಳಿಸುತ್ತದೆ.

ಚೌಕಟ್ಟಿಗೆ ಸ್ಲಾಟೆಡ್ ಆಂಗಲ್ ಸಾಕೇ, ವೆಲ್ಡಿಂಗ್ ಮಾಡಿಸಲೇಬೇಕೇ?

ಬಣ್ಣದ ಡಬ್ಬಿ, ಮೊಳೆ ಪೆಟ್ಟಿಗೆ, ಕೈಯಂತ್ರ ಇಡುವುದಕ್ಕೆ ಸ್ಲಾಟೆಡ್ ಆಂಗಲ್, ಅಂದರೆ ಉದ್ದಕ್ಕೂ ತೂತುಗಳಿರುವ, ಬೋಲ್ಟ್ ಹಾಕಿ ಜೋಡಿಸುವ ‘ಎಲ್’ ಆಕಾರದ ಪಟ್ಟಿ, ಧಾರಾಳವಾಗಿ ಸಾಕು. ಬೇಕೆಂದಾಗ ಹಲಗೆಯ ಎತ್ತರ ಬದಲಿಸಬಹುದು, ಮನೆ ಬದಲಿಸುವಾಗ ಬಿಚ್ಚಿ ಕಟ್ಟಿಕೊಂಡು ಹೋಗಬಹುದು. ಕಂಬಗಳಿಗೆ 14 ಗೇಜ್, ಅಂದರೆ ಸುಮಾರು 2 ಮಿ.ಮೀ. ದಪ್ಪದ್ದನ್ನು ಕೇಳಿ. ಗೇಜಿನ ಅಂಕಿ ಏರಿದಷ್ಟೂ ತಗಡು ತೆಳುವಾಗುತ್ತದೆ. ಇದು ತಿಳಿಯದೆ 20 ಗೇಜಿನದೇ ಹೆಚ್ಚು ಗಟ್ಟಿ ಎಂದು ಕೊಂಡವರನ್ನು ನಾನೇ ನೋಡಿದ್ದೇನೆ.

ಓಡುವ ಯಂತ್ರ ಕೂರುವ ರ‍್ಯಾಕ್ ಆದರೆ ಬೆಸುಗೆಯೇ ಸರಿ. ನಡುಕಕ್ಕೆ ನಟ್ಟುಗಳು ಒಂದೊಂದಾಗಿ ಸಡಿಲವಾಗುತ್ತವೆ, ಸಡಿಲವಾದ ಪ್ರತಿ ನಟ್ಟೂ ಒಂದು ಗೆಜ್ಜೆ. ಬೋಲ್ಟೇ ಹಾಕಬೇಕಾದ ಕಡೆ ಒಳಗೆ ನೈಲಾನ್ ಉಂಗುರವಿರುವ ನಟ್ಟು ಬಳಸಿ. 40×40 ಮಿ.ಮೀ. ಚೌಕ ಪೈಪ್, 2 ಮಿ.ಮೀ. ದಪ್ಪ: ಮನೆಯ ಯಾವ ರ‍್ಯಾಕಿಗೂ ಇದಕ್ಕಿಂತ ದಪ್ಪದ್ದು ಬೇಕಿಲ್ಲ.

ಇನ್ನೊಂದು ಮಾತು. ರ‍್ಯಾಕ್ ಪಕ್ಕಕ್ಕೆ ಓಲಾಡುತ್ತಿದ್ದರೆ ದಪ್ಪ ಪೈಪ್ ಹಾಕಿಸಲು ಓಡಬೇಡಿ. ಓಲಾಟಕ್ಕೆ ಕಾರಣ ಪೈಪ್ ತೆಳ್ಳಗಿರುವುದಲ್ಲ, ಕರ್ಣಕ್ಕೆ ಒಂದು ಪಟ್ಟಿ ಇಲ್ಲದಿರುವುದು. ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಚಪ್ಪಟೆ ಪಟ್ಟಿ ಇಳಿಸಿ, ಇಲ್ಲವೇ ಬೆನ್ನಿಗೆ 6 ಮಿ.ಮೀ. ಪ್ಲೈವುಡ್ ಜಡಿಯಿರಿ. ಆಮೇಲೆ ಅಲುಗಾಡಿಸಿ ನೋಡಿ.

ಪೈಪಿನೊಳಗೆ ಮರಳು ತುಂಬುತ್ತಾರಂತೆ, ಉಪಯೋಗವಿದೆಯೇ?

ಇದೆ, ಅದೂ ಬಹಳ ಅಗ್ಗದಲ್ಲಿ. ಮೇಲೆ ಹೇಳಿದ ಪೈಪ್ ಮೀಟರಿಗೆ ಸುಮಾರು ಎರಡು ಕಾಲು ಕಿಲೋ ತೂಗುತ್ತದೆ. ಒಳಗೆ ಮರಳು ತುಂಬಿದರೆ ಮೀಟರಿಗೆ ಇನ್ನೆರಡು ಕಿಲೋ ಸೇರುತ್ತದೆ. ತೂಕ ಹೆಚ್ಚುಕಡಿಮೆ ಇಮ್ಮಡಿ. ಜೊತೆಗೆ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ನುಂಗಿಬಿಡುತ್ತವೆ. ಠಣ್ ಎನ್ನುತ್ತಿದ್ದ ಕಂಬ ಆಮೇಲೆ ಮರದ ದಿಮ್ಮಿಯ ಹಾಗೆ ದಬ್ ಎನ್ನುತ್ತದೆ.

ಮರಳು ಬಾಣಲೆಯಲ್ಲಿ ಹುರಿದಷ್ಟು ಒಣಗಿರಬೇಕು. ತೇವ ಉಳಿದರೆ ಪೈಪ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ. ಈಗ ಎಲ್ಲೆಡೆ ಸಿಗುವ, ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಕೂಡ ಆಗುತ್ತದೆ. ಜರಡಿ ಹಿಡಿದು ದೂಳು ತೆಗೆದು, ಎರಡು ದಿನ ತಾರಸಿಯ ಬಿಸಿಲಿಗೆ ಹರಡಿ. ಬೆಸುಗೆಯೆಲ್ಲ ಮುಗಿದು ಪೈಪ್ ತಣಿದ ಮೇಲೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ. ನಾಲ್ಕು ಕಂಬಗಳಿಗೆ ತುಂಬಿದರೆ ಸಾಕು, ಅಡ್ಡ ಪಟ್ಟಿಗಳಿಗೆ ಬೇಡ.

ಹಲಗೆಗೆ ಪ್ಲೈವುಡ್, ಬ್ಲಾಕ್ ಬೋರ್ಡ್, ಎಂಡಿಎಫ್: ಯಾವುದು?

ಪ್ಲೈವುಡ್. ಉಳಿದವುಗಳಿಗೂ ಅವುಗಳ ಜಾಗವಿದೆ.

ಎಂಡಿಎಫ್ ಸದ್ದಿನ ವಿಷಯದಲ್ಲಿ ಚಿನ್ನ. ತೂಕವಿದೆ, ಮೊಳಗುವುದಿಲ್ಲ, ಮೈ ನುಣುಪು. ಆದರೆ ಬಿಗಿತದಲ್ಲಿ ಪ್ಲೈವುಡ್‌ಗೆ ಅರ್ಧದಷ್ಟೂ ಸಮನಲ್ಲ. ಭಾರ ಹೊತ್ತು ನಿಂತಲ್ಲೇ ತಿಂಗಳುಗಟ್ಟಲೆ ನಿಧಾನವಾಗಿ ಜೋಲುತ್ತದೆ, ಭಾರ ಇಳಿಸಿದ ಮೇಲೂ ಪೂರ್ತಿ ನೇರವಾಗುವುದಿಲ್ಲ. ನೀರು ಬಿದ್ದರಂತೂ ಹಾಲಿಗೆ ಅದ್ದಿದ ಬ್ರೆಡ್ಡು. ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಇನ್ನೂ ಕನಿಷ್ಠ. ಪುಸ್ತಕವನ್ನೇ ಹೊರಲಾರದೆ ನಡುಬಗ್ಗಿದ ಕಪಾಟುಗಳನ್ನು ಎಲ್ಲರೂ ಕಂಡಿದ್ದೇವೆ. ಎರಡು ತೆಳು ಪದರಗಳ ನಡುವೆ ಮರದ ಪಟ್ಟಿ ಜೋಡಿಸಿದ ಬ್ಲಾಕ್ ಬೋರ್ಡ್ ಹಗುರ, ಉದ್ದುದ್ದ ಬಾಗಿಲುಗಳಿಗೆ ಒಳ್ಳೆಯದು. ಆದರೆ ಒಳಗಿನ ಪಟ್ಟಿಗಳ ನಡುವೆ ಸಂದು ಬಿಟ್ಟಿದ್ದರೆ ಬೋಲ್ಟ್ ಹಾಕುವಾಗ ಡ್ರಿಲ್ ಗಾಳಿಗೆ ಹೋಗುತ್ತದೆ.

ಪ್ಲೈವುಡ್ ಕೊಳ್ಳುವಾಗ ‘ವಾಟರ್‌ಪ್ರೂಫ್’ ಎಂಬ ಬಾಯಿಮಾತನ್ನು ನಂಬದೆ ಹಾಳೆಯ ಮೇಲಿನ ಐಎಸ್‌ಐ ಮುದ್ರೆ ಓದಿ. ಐಎಸ್ 710 ಎಂದಿದ್ದರೆ ಮರೈನ್ ದರ್ಜೆ. ಅದರ ಅಂಟನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುವ ನಿಯಮವಿದೆ. ಐಎಸ್ 303 ಸಾಮಾನ್ಯ ಬಳಕೆಯದು. ಒಣ ಕೋಣೆಯ ರ‍್ಯಾಕಿಗೆ 303ರ ಒಳ್ಳೆಯ ಹಾಳೆ ಸಾಕು, 710ಕ್ಕೆ ದುಡ್ಡು ಸುರಿಯುವುದು ಬೇಕಿಲ್ಲ. ಅಂಚನ್ನು ಮಾತ್ರ ಕಣ್ಣಿಟ್ಟು ನೋಡಿ: ಪದರಗಳು ಒಂದೇ ಸಮನಾಗಿರಬೇಕು, ನಡುವೆ ಇರುವೆ ಗೂಡಿನಂಥ ತೂತುಗಳಿರಬಾರದು. 8×4 ಅಡಿಯ 18 ಮಿ.ಮೀ. ಹಾಳೆ ಮೂವತ್ತು ಕಿಲೋಗಿಂತ ಹೆಚ್ಚು ತೂಗಬೇಕು. ಒಬ್ಬರೇ ಲೀಲಾಜಾಲವಾಗಿ ಎತ್ತಿದರೆ ಒಳಗೆ ಏನೋ ಕಡಿಮೆಯಾಗಿದೆ.

ನನ್ನ ರ‍್ಯಾಕಿನಲ್ಲಿ 18 ಮಿ.ಮೀ. ಪ್ಲೈವುಡ್ ಭಾರ ಹೊರುತ್ತದೆ, ಅದರ ಮೇಲೆ ಸ್ಕ್ರೂ ಹಾಕಿದ 12 ಮಿ.ಮೀ. ಎಂಡಿಎಫ್ ಸದ್ದು ನುಂಗುತ್ತದೆ. ಎಣ್ಣೆ ಕುಡಿದು ಕೊಳಕಾದರೆ ಎಂಡಿಎಫ್ ಮಾತ್ರ ಬದಲಿಸಿದರಾಯಿತು.

ಎಷ್ಟು ದಪ್ಪ, ಎಷ್ಟು ಉದ್ದ?

ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟಾಗುತ್ತದೆ. ಆಧಾರಗಳ ನಡುವಿನ ಅಂತರ ಅರ್ಧವಾದರೆ, ಅದೇ ಭಾರಕ್ಕೆ ಬಾಗುವುದು ಎಂಟರಲ್ಲಿ ಒಂದು ಪಾಲು. ಹಾಗಾಗಿ ದಪ್ಪ ಹಲಗೆ ಕೊಳ್ಳುವುದಕ್ಕಿಂತ ನಡುವೆ ಒಂದು ಅಡ್ಡಪಟ್ಟಿ ಹಾಕಿಸುವುದು ಅಗ್ಗ. 18 ಮಿ.ಮೀ. ಪ್ಲೈವುಡ್‌ಗೆ ಎರಡೂವರೆ ಅಡಿಗೊಂದು ಆಧಾರ ಕೊಡಿ, ಓಡುವ ಯಂತ್ರವಿದ್ದರೆ ಒಂದೂವರೆ ಅಡಿಗೆ.

ಚೌಕಟ್ಟು ಆಗಲೇ ಆಗಿಹೋಗಿದ್ದರೆ, ಹಲಗೆಯ ಮುಂದಂಚು ಹಿಂದಂಚುಗಳ ಕೆಳಗೆ ಎರಡಿಂಚಿನ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ಮಲಗಿಸಿ ಅಂಟಿಸಿದರೆ ಅಷ್ಟು ಲಾಭವಿಲ್ಲ. ಹೀಗೆ ಎರಡು ಪಟ್ಟಿ ಬಂದರೆ ಒಂದೂವರೆ ಅಡಿ ಅಗಲದ 18 ಮಿ.ಮೀ. ಹಲಗೆಯ ಬಿಗಿತ ಕಡಿಮೆಯೆಂದರೂ ಎರಡೂವರೆ ಪಟ್ಟಾಗುತ್ತದೆ.

ಅಡುಗೆಮನೆಗೆ ಹಾಕುವ ಕಡಪ ಕಲ್ಲನ್ನೇ ಹಲಗೆ ಮಾಡಬಹುದೇ?

ಹಲಗೆಯಾಗಿ ಬೇಡ, ಯಂತ್ರದ ಪೀಠವಾಗಿ ಖಂಡಿತ ಹಾಕಿ. ಕಲ್ಲು ಬಾಗುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ನಡುವೆ ಆಧಾರವಿಲ್ಲದ ಮೂರಡಿ ಕಡಪದ ಮೇಲೆ ವೈಸ್ (ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಉಪಕರಣ) ಕೂರಿಸಿ ಸುತ್ತಿಗೆಯಿಂದ ಬಡಿದರೆ ಕಾಲಿನ ಹೆಬ್ಬೆರಳಿಗೆ ಅಪಾಯ.

ಆದರೆ ಅದರ ತೂಕ ನಮಗೆ ವರ. ಮೂರಡಿಗೆ ಒಂದೂವರೆ ಅಡಿಯ, ಒಂದಿಂಚು ದಪ್ಪದ ಕಡಪ ಸುಮಾರು 28 ಕಿಲೋ ತೂಗುತ್ತದೆ. ಆರಿಂಚಿನ ಬೆಂಚ್ ಗ್ರೈಂಡರ್ ತೂಗುವುದು ಎಂಟು–ಹತ್ತು ಕಿಲೋ. ಅದನ್ನು ಕಲ್ಲಿಗೆ ಬಿಗಿದರೆ, ಮೊದಲು ಹತ್ತು ಕಿಲೋ ಅಲುಗಿಸುತ್ತಿದ್ದ ಮೋಟಾರು ಈಗ ಸುಮಾರು ನಲವತ್ತು ಕಿಲೋ ಅಲುಗಿಸಬೇಕು. ನಡುಕ ತಾನಾಗಿ ತಗ್ಗುತ್ತದೆ. ಗ್ರಾನೈಟ್ ಅಂಗಡಿಗಳಲ್ಲಿ ಸಿಂಕಿಗೆಂದು ಕೊರೆದು ತೆಗೆದ ತುಂಡುಗಳು ಬಿದ್ದಿರುತ್ತವೆ. ಎರಡಡಿಗೆ ಒಂದೂವರೆ ಅಡಿಯದು ಸಿಕ್ಕರೆ ಬಿಡಬೇಡಿ. ಬೋಲ್ಟಿನ ತೂತನ್ನು ಅಲ್ಲೇ ಕೊರೆಸಿಕೊಳ್ಳಿ, ಮನೆಯಲ್ಲಿ ಹ್ಯಾಮರ್ ಡ್ರಿಲ್ ಇಟ್ಟರೆ ಸೀಳುತ್ತದೆ. ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಮನೆ ಬಾಗಿಲಲ್ಲೇ ಇದೆ, ಅದೂ ಆಗುತ್ತದೆ.

ಮರವೇ ಬೇಕೆಂದರೆ?

ಹೊಸ ತೇಗ ರ‍್ಯಾಕಿಗೆ ದುಂದುಗಾರಿಕೆ. ಹಳೆಯ ಮನೆ ಒಡೆದ ಮರಮುಟ್ಟು ಮಾರುವವರ ಹತ್ತಿರ ಮತ್ತಿ, ಹೊನ್ನೆ, ಹಲಸಿನ ಜಂತೆಗಳು ಸಿಗುತ್ತವೆ. ದಶಕಗಟ್ಟಲೆ ಒಣಗಿದ ಮರ ಇನ್ನು ತಿರುಚಿಕೊಳ್ಳುವುದಿಲ್ಲ. ಹಳೆ ಮೊಳೆಗಳನ್ನೆಲ್ಲ ಕೀಳದೆ ಸಾಮಿಲ್ಲಿಗೆ ಕೊಟ್ಟರೆ ಬೈಗುಳ ಗ್ಯಾರಂಟಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗ. ಆದರೆ ಚೆನ್ನಾಗಿ ಒಣಗಿಸದಿದ್ದರೆ ಹಪ್ಪಳದಂತೆ ಮುರುಟುತ್ತದೆ. ಯಂತ್ರಗಳು ಬರುವ ಪೈನ್ ಪೆಟ್ಟಿಗೆಯ ಮರ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸುತ್ತ ಸಿಗುತ್ತದೆ. ಅದರ ಮೇಲಿನ ಮುದ್ರೆಯಲ್ಲಿ ‘ಎಚ್‌ಟಿ’ ಇದ್ದರೆ ಶಾಖದಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಿ. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮನೆಯೊಳಗೆ ಬೇಡ.

ಯಂತ್ರದಡಿ ರಬ್ಬರ್ ಹಾಸಿದ್ದೇನೆ, ಆದರೂ ನಡುಕ ಕಡಿಮೆಯಾಗಿಲ್ಲ. ಏಕೆ?

ಬಹುತೇಕ ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ರಬ್ಬರ್ ಕೆಲಸ ಮಾಡುವುದು ಭಾರಕ್ಕೆ ಕುಗ್ಗಿದಾಗ ಮಾತ್ರ. ಇಡೀ ಹಲಗೆಗೆ ಹಾಸಿದ ದಪ್ಪ ಹಾಳೆಯ ಮೇಲೆ ಹತ್ತು ಕಿಲೋ ಯಂತ್ರ ಇಟ್ಟರೆ ರಬ್ಬರಿಗೆ ಭಾರ ಬಿದ್ದದ್ದೇ ಗೊತ್ತಾಗುವುದಿಲ್ಲ. ಆಗ ಅದು ಕಲ್ಲಿನಷ್ಟೇ ಗಟ್ಟಿ. ಅದೇ ರಬ್ಬರನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ ನಾಲ್ಕು ಮೂಲೆಗೆ ಇಟ್ಟರೆ ಕುಗ್ಗುತ್ತದೆ, ಸ್ಪ್ರಿಂಗಿನ ಕೆಲಸ ಮಾಡುತ್ತದೆ.

ಎಷ್ಟು ಕುಗ್ಗಬೇಕು? ಅದಕ್ಕೊಂದು ಲೆಕ್ಕವಿದೆ. 15.8 ಅನ್ನು, ರಬ್ಬರ್ ಕುಗ್ಗಿದ ಮಿಲಿಮೀಟರಿನ ವರ್ಗಮೂಲದಿಂದ ಭಾಗಿಸಿದರೆ, ಆ ಯಂತ್ರ ರಬ್ಬರಿನ ಮೇಲೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ತೂಗಾಡಲು ಬಯಸುತ್ತದೆ ಎಂಬುದು ಸಿಗುತ್ತದೆ. ಮೋಟಾರಿನ ವೇಗ ಇದರ ಮೂರು ಪಟ್ಟು ಇದ್ದರೆ ನಡುಕದ ಬಹುಪಾಲು ಕೆಳಗಿಳಿಯುವುದಿಲ್ಲ. ಬೆಂಚ್ ಗ್ರೈಂಡರಿನ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು, ಅಂದರೆ ಸೆಕೆಂಡಿಗೆ 47. ರಬ್ಬರ್ ಒಂದು ಮಿ.ಮೀ. ಕುಗ್ಗಿದರೆ ಲೆಕ್ಕ ಹೊಂದುತ್ತದೆ. 1440 ಸುತ್ತಿನ ಮೋಟಾರಾದರೆ ಸೆಕೆಂಡಿಗೆ 24. ಅದಕ್ಕೆ ನಾಲ್ಕು ಮಿ.ಮೀ. ಕುಗ್ಗಬೇಕು. ನಿಧಾನವಾಗಿ ಓಡುವ ಯಂತ್ರಕ್ಕೇ ಹೆಚ್ಚು ಮೆತ್ತನೆಯ ಹಾಸು ಬೇಕು ಎಂಬುದು ಮೊದಲು ಕೇಳಿದಾಗ ನನಗೂ ವಿಚಿತ್ರವೆನಿಸಿತ್ತು. ರಬ್ಬರ್ ನಡುಗುವಾಗ ಸ್ವಲ್ಪ ಬಿಗಿಯಾಗುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ತುಸು ಹೆಚ್ಚೇ ಕುಗ್ಗಲಿ.

ಅಳೆಯುವುದು ಸುಲಭ: ಕಲ್ಲನ್ನೂ ಯಂತ್ರವನ್ನೂ ಇಡುವ ಮೊದಲು ರಬ್ಬರಿನ ಎತ್ತರ, ಇಟ್ಟ ಮೇಲಿನ ಎತ್ತರ, ಎರಡರ ವ್ಯತ್ಯಾಸ. ಸಾಲದಿದ್ದರೆ ತುಂಡುಗಳನ್ನು ಚಿಕ್ಕದು ಮಾಡಿ, ಇಲ್ಲವೇ ಒಂದರ ಮೇಲೊಂದು ಪೇರಿಸಿ. ಒಟ್ಟು ದಪ್ಪದ ಏಳರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿದರೆ ರಬ್ಬರ್ ಬೇಗ ಸಾಯುತ್ತದೆ.

ಇನ್ನು, ರಬ್ಬರಿನ ಕೆಳಗಿನ ಹಲಗೆ ಬಳುಕುತ್ತಿದ್ದರೆ ಇದೆಲ್ಲ ವ್ಯರ್ಥ. ಯಂತ್ರವನ್ನು ಕಲ್ಲಿಗೆ ಬಿಗಿದು, ಅದೇ ಬೋಲ್ಟನ್ನು ರಬ್ಬರ್ ದಾಟಿಸಿ ಹಲಗೆಗೂ ಬಿಗಿದಿದ್ದರೆ ನಡುಕ ಬೋಲ್ಟಿನ ದಾರಿ ಹಿಡಿದು ಇಳಿಯುತ್ತದೆ. ನಾನು ಎರಡನೆಯ ರ‍್ಯಾಕಿನಲ್ಲಿ ಮಾಡಿದ ತಪ್ಪು ಇದೇ. ಬೋಲ್ಟ್ ಕಲ್ಲಿನಲ್ಲೇ ನಿಲ್ಲಬೇಕು. ಕಲ್ಲು ಜಾರದಂತೆ ಹಲಗೆಯ ಸುತ್ತ ತುಸು ಸಂದು ಬಿಟ್ಟು ಒಂದಿಂಚಿನ ಅಂಚುಪಟ್ಟಿ ಕಟ್ಟಿದರಾಯಿತು.

ಒಳ್ಳೆಯ ರಬ್ಬರ್ ಎಲ್ಲಿ ಸಿಗುತ್ತದೆ?

ಪಶು ಆಹಾರದ ಅಂಗಡಿಯಲ್ಲಿ ಕೇಳಿ ನೋಡಿ! ಹೈನುಗಾರರು ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿ ಹಾಸುವ ಮ್ಯಾಟ್ ದಪ್ಪವಾಗಿರುತ್ತದೆ, ಗಂಜಲಕ್ಕೂ ಗೊರಸಿಗೂ ಜಗ್ಗುವುದಿಲ್ಲ. ಒಂದು ಮ್ಯಾಟ್ ಕತ್ತರಿಸಿದರೆ ಇಡೀ ಓಣಿಯ ಯಂತ್ರಗಳಿಗೆ ಸಾಕು. ಗುಜರಿಯಲ್ಲಿ ಸಿಗುವ ಕನ್ವೇಯರ್ ಬೆಲ್ಟಿನೊಳಗೆ ಬಟ್ಟೆಯ ಪದರವಿರುವುದರಿಂದ ಅದು ಹೆಚ್ಚು ಕುಗ್ಗದು. ರ‍್ಯಾಕಿನ ಕಾಲಡಿಗೆ ಹಾಕಬಹುದು. ಲಾರಿ ಟ್ಯೂಬಿನ ಪಟ್ಟಿ ಹಲಗೆ ಮತ್ತು ಚೌಕಟ್ಟಿನ ನಡುವಿನ ಕಟಕಟ ಸದ್ದನ್ನು ನಿಲ್ಲಿಸಲು ಹೇಳಿ ಮಾಡಿಸಿದಂತಿದೆ.

ರ‍್ಯಾಕನ್ನು ಗೋಡೆಗೆ ಬಿಗಿಯಬೇಕೇ?

ಭಾರ ಹೊರಲು ಬೇಡ, ಮುಂದಕ್ಕೆ ಬೀಳದಿರಲು ಬೇಕು. ಯಂತ್ರದ ರ‍್ಯಾಕನ್ನು ಗೋಡೆಗೆ ಗಟ್ಟಿಯಾಗಿ ಬಿಗಿದರೆ ಗೋಡೆಯೇ ತಮಟೆಯಾಗುತ್ತದೆ, ಅದರ ಇನ್ನೊಂದು ಮುಖ ಪಕ್ಕದವರ ಮಲಗುವ ಕೋಣೆಯಲ್ಲಿರಬಹುದು. ಎರಡು ಬೆರಳಷ್ಟು ಅಂತರ ಬಿಟ್ಟು ನಿಲ್ಲಿಸಿ, ಮೇಲ್ಭಾಗದಲ್ಲಿ ಮಾತ್ರ ಎರಡು ಕಡೆ ರಬ್ಬರ್ ವಾಷರ್ ಕೊಟ್ಟು ಆಂಕರ್ ಬೋಲ್ಟಿಗೆ ಹಿಡಿಸಿ. ಟೊಳ್ಳು ಬ್ಲಾಕ್ ಮತ್ತು ಕರಾವಳಿಯ ಕೆಂಪು ಮುರಕಲ್ಲಿನ ಗೋಡೆಗಳಲ್ಲಿ ಅಗಲಿಕೊಂಡು ಹಿಡಿಯುವ ಆಂಕರ್ ನಿಲ್ಲುವುದು ಕಷ್ಟ. ಅಂಟು ತುಂಬಿ ಕೂರಿಸುವ ಬಗೆಯದು ಮೇಲು.

ಗೋಡೆಗೆ ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸಿದರೆ?

ಬೇಡ. ಹೊರಗೆ ಹೋಗುವ ಸದ್ದನ್ನು ತಡೆಯಲು ತೂಕ ಬೇಕು, ಮೊಟ್ಟೆ ಟ್ರೇಗೆ ತೂಕವೇ ಇಲ್ಲ. ಗ್ರೈಂಡರಿನ ಕಿಡಿ ಹಾರುವ ಕೋಣೆಯಲ್ಲಿ ಅದು ಒಣ ಸೌದೆ.

ಕಂಪ್ರೆಸರ್ ಯಾವ ಅಂತಸ್ತಿನಲ್ಲಿ ಇಡಬೇಕು?

ಅಂತಸ್ತೇ ಬೇಡ, ನೆಲದ ಮೇಲೆ, ಅದರದೇ ರಬ್ಬರ್ ಕಾಲುಗಳ ಮೇಲೆ. ರ‍್ಯಾಕಿನ ಕೆಳ ಅಂತಸ್ತನ್ನು ಖಾಲಿ ಬಿಟ್ಟು ಅಲ್ಲಿಗೆ ತಳ್ಳಿ, ಚೌಕಟ್ಟಿಗೆ ತಾಗದಿರಲಿ. ಪೆಟ್ಟಿಗೆಯೊಳಗೆ ಮುಚ್ಚುವ ಆಸೆಯಿದ್ದರೆ ಗಾಳಿಯಾಡಲು ದಾರಿ ಬಿಡಲೇಬೇಕು, ಇಲ್ಲವಾದರೆ ಮೋಟಾರು ಬೇಯುತ್ತದೆ. ಟ್ಯಾಂಕಿನ ತಳದ ನೀರು ಬಿಡುವ ತಿರುಪು ಕೈಗೆಟುಕುವಂತಿರಲಿ.

ಊರಿಗೆ ತಕ್ಕಂತೆ ವಸ್ತು ಬದಲಾಗಬೇಕೇ?

ಬದಲಾಗಬೇಕು. ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲದಲ್ಲಿ ಹೊಟ್ಟೇಳುತ್ತದೆ. ಸತು ಲೇಪಿಸಿದ ಜಿಐ ಪೈಪ್ ಕೊಳ್ಳಿ, ಬೆಸುಗೆಯ ಜಾಗಕ್ಕೆ ಜಿಂಕ್ ಪ್ರೈಮರ್ ಹಚ್ಚಿ. ಅಲ್ಲಿ ಐಎಸ್ 710 ದುಂದಲ್ಲ. ಮಲೆನಾಡಿನಲ್ಲಿ ಎಂಡಿಎಫ್ ಕಡೆ ತಲೆ ಹಾಕಬೇಡಿ. ಬಳ್ಳಾರಿ, ರಾಯಚೂರಿನ ಒಣ ಬಿಸಿಲಿಗೆ ಹಸಿ ಮರ ಬಾಯಿ ಬಿಡುತ್ತದೆ. ಗೆದ್ದಲು ಮಾತ್ರ ಯಾವ ಜಿಲ್ಲೆಯನ್ನೂ ಬಿಟ್ಟಿಲ್ಲ; ಮರದ ಕಾಲು ನೇರ ನೆಲಕ್ಕೆ ತಾಗದಂತೆ ಕೆಳಗೊಂದು ಕಲ್ಲು ಇಡಿ.

ರಬ್ಬರಿನ ಮೇಲೆ ನಿಂತ ಕಬ್ಬಿಣದ ರ‍್ಯಾಕಿನಿಂದ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯಬಹುದು. ಯಂತ್ರದಲ್ಲಿ ಸೋರಿದ ವಿದ್ಯುತ್ತು ರಬ್ಬರ್ ದಾಟಿ ಭೂಮಿಗೆ ಇಳಿಯುವುದಿಲ್ಲ, ನೀವು ಮುಟ್ಟುವವರೆಗೆ ಕಾಯುತ್ತದೆ. ಎಲ್ಲ ಯಂತ್ರಗಳಿಗೂ ಅವುಗಳ ಮೂರು ಪಿನ್ನಿನ ಪ್ಲಗ್ ಇರಲಿ, ಚೌಕಟ್ಟಿಗೂ ಒಂದು ಅರ್ಥಿಂಗ್ ತಂತಿ ಎಳೆಸಿ. ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ.

ಈಗಾಗಲೇ ತಗಡಿನ ರ‍್ಯಾಕ್ ಇದೆ. ಎಸೆಯಬೇಕೇ?

ಬೇಕಿಲ್ಲ. ಮೊದಲು ನಟ್ಟುಗಳನ್ನು ಬಿಗಿಯಿರಿ. ತಗಡಿನ ತಳಕ್ಕೆ, ಕಾರಿನ ಬಾಗಿಲೊಳಗೆ ಅಂಟಿಸುವ ಬ್ಯೂಟೈಲ್ ಎಂಬ ಮೆತ್ತನೆಯ ರಬ್ಬರಿನ ಹಾಳೆ ಅಂಟಿಸಿ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಇಡೀ ತಗಡಿಗೆ ಬೇಡ, ನಡುಭಾಗದ ಮೂರನೇ ಒಂದು ಪಾಲಿಗೆ ಸಾಕು, ಮೊಳಗು ನಿಲ್ಲುತ್ತದೆ. ತಗಡಿನ ಮೇಲೆ 12 ಮಿ.ಮೀ. ಪ್ಲೈವುಡ್ ಕೂರಿಸಿ. ಗ್ರೈಂಡರನ್ನು ಮಾತ್ರ ಅಲ್ಲಿಂದ ಇಳಿಸಿ, ಅದಕ್ಕೊಂದು ಪ್ರತ್ಯೇಕ ಗಟ್ಟಿ ಸ್ಟ್ಯಾಂಡ್ ಮಾಡಿಸಿ.

ಇಷ್ಟೆಲ್ಲ ಮಾಡಿದ ಮೇಲೆ ರಾತ್ರಿಯೂ ಕೆಲಸ ಮಾಡಬಹುದೇ?

ರ‍್ಯಾಕಿನ ನಡುಕ ನಿಂತರೂ ಗ್ರೈಂಡರಿನ ಕಲ್ಲು ಕಬ್ಬಿಣ ಉಜ್ಜುವ ಕಿರುಚಾಟ ಗಾಳಿಯಲ್ಲೇ ಹೋಗುತ್ತದೆ, ಅದಕ್ಕೆ ರ‍್ಯಾಕಿನಲ್ಲಿ ಮದ್ದಿಲ್ಲ. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ನಾನು ಸಂಜೆ ಏಳಕ್ಕೆ ಸ್ವಿಚ್ ಆರಿಸುತ್ತೇನೆ. ಅಜ್ಜಿ ದೀಪ ಹಚ್ಚುವ ಹೊತ್ತು ಅದು.